‘ಅರಳು ಮರಳು’ ರೋಗನಿರ್ಣಯವಲ್ಲ



‘ಅರವತ್ತಕ್ಕೆ ಅರಳು ಮರಳು’ ಎಂಬುದು ಗಾದೆಯಾಗಿ ಇರಲಿ, ಅದು ರೋಗನಿರ್ಣಯವಾಗಕೂಡದು. ವೃದ್ಧ ತಾಯಿಯು ಒಲೆಯ ಮೇಲಿನ ಹಾಲನ್ನು ಮರೆಯುವಳು. ಕೊಟ್ಟ ಹಣವನ್ನೇ ಮತ್ತೆ ಕೊಡುವಳು. ನಿತ್ಯ ತುಳಿದ ಹಾದಿಯಲ್ಲೇ ದಾರಿ ತಪ್ಪುವಳು. ಮನೆಯವರು ನಗುವರು. ವೈದ್ಯರು ರಕ್ತದೊತ್ತಡವನ್ನು ಅಳೆದು, ‘ವಯಸ್ಸಾಯಿತಲ್ಲವೇ?’ ಎಂದು ಹಿಂದಕ್ಕೆ ಕಳುಹಿಸುವರು. ಇದು ಸಮಾಧಾನವಲ್ಲ, ಉಪೇಕ್ಷೆ.

2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ, ಡಿಮೆನ್ಷಿಯಾಪೀಡಿತರು. ಇದರ ಸುಳಿವು ಹಿಡಿಯಲು ಯಂತ್ರ ಬೇಕಿಲ್ಲ. ‘ಮಿನಿ-ಕಾಗ್’ ಎಂಬ ಪರೀಕ್ಷೆಯಲ್ಲಿ ಮೂರು ಪದಗಳನ್ನು ಹೇಳಿಕೊಟ್ಟು, ಗಡಿಯಾರದ ಚಿತ್ರ ಬರೆಯಿಸಿ, ಬಳಿಕ ಆ ಪದಗಳನ್ನೇ ಕೇಳುವರು. ಬೇಕಾಗುವುದು ಸುಮಾರು ಮೂರು ನಿಮಿಷ. ಅಷ್ಟು ಬಿಡುವೂ ಇಲ್ಲವೆಂದರೆ ಯಾರು ನಂಬಬೇಕು?

ಲಕ್ಷಣಗಳಿಲ್ಲದ ವೃದ್ಧರೆಲ್ಲರನ್ನೂ ಪರೀಕ್ಷಿಸುವುದರಿಂದ ಲಾಭವೋ ನಷ್ಟವೋ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅಮೆರಿಕದ ತಜ್ಞಮಂಡಲಿಯು 2020ರಲ್ಲಿ ಹೇಳಿತು. ಒಪ್ಪೋಣ. ಆದರೆ ಮಕ್ಕಳೇ ಬಂದು ‘ಅವ್ವ ಮೊದಲಿನಂತಿಲ್ಲ’ ಎಂದಾಗ ಆ ಮಾತನ್ನು ನೆಪಮಾಡಿಕೊಳ್ಳುವುದು ನ್ಯಾಯವೇ?

ಅನಕ್ಷರಸ್ಥರಿಗೆ ಇಂತಹ ಪರೀಕ್ಷೆ ಸಲ್ಲದೆಂಬ ಆಕ್ಷೇಪದಲ್ಲಿ ಸತ್ಯವಿದೆ. 1975ರಲ್ಲಿ ಅಮೆರಿಕದಲ್ಲಿ ರಚಿತವಾದ 30 ಅಂಕಗಳ ಪ್ರಸಿದ್ಧ ಪರೀಕ್ಷೆಯು ಓದಿಸಿ, ಬರೆಯಿಸಿ ನೋಡುತ್ತದೆ. ಸೀಸದಕಡ್ಡಿಯನ್ನೇ ಹಿಡಿಯದ ಅಜ್ಜಿ ಗಡಿಯಾರ ಬರೆಯದಿದ್ದರೆ ಅದು ಬುದ್ಧಿಭ್ರಮೆಯಲ್ಲ. ಶಾಲೆಯ ಬಾಗಿಲು ಅವಳಿಗೆ ತೆರೆಯಲಿಲ್ಲವೆಂಬುದಕ್ಕೆ ಸಾಕ್ಷಿ. ಆದರೆ ಪರಿಹಾರವೂ ನಮ್ಮ ದೇಶದಲ್ಲೇ ಉಂಟು. ಹರಿಯಾಣದ ಬಲ್ಲಭಗಡದ ಗ್ರಾಮಸ್ಥರಿಗಾಗಿ ಆ ಪರೀಕ್ಷೆಯನ್ನೇ ಮಾರ್ಪಡಿಸಿದ ಹಿಂದೀ ರೂಪವು 1995ರಲ್ಲಿ ಪ್ರಕಟವಾಯಿತು. ಜನರ ನುಡಿಗೂ ಬಾಳಿಗೂ ಪ್ರಶ್ನೆಯನ್ನು ಹೊಂದಿಸಬೇಕು, ಪ್ರಶ್ನೆಯನ್ನೇ ಕೈಬಿಡಬಾರದು.

ಕಡಿಮೆ ಅಂಕವು ತೀರ್ಪಲ್ಲ, ಮುಂದಿನ ತಪಾಸಣೆಗೆ ಕರೆ. ಥೈರಾಯ್ಡ್ ಕೊರತೆ, ಬಿ-12 ಜೀವಸತ್ತ್ವದ ಅಭಾವ, ಖಿನ್ನತೆ, ಕೆಲವು ನಿದ್ರೆಯ ಮಾತ್ರೆಗಳು ಸಹ ಮನಸ್ಸನ್ನು ಮಬ್ಬುಗೊಳಿಸುವವು, ಇವಕ್ಕೆ ಚಿಕಿತ್ಸೆಯುಂಟು. ಗುಣವಾಗದ ವ್ಯಾಧಿಯೇ ಆದರೂ, ಆಸ್ತಿಪಾಸ್ತಿಯ ಕುರಿತು ತನ್ನ ಇಚ್ಛೆಯನ್ನು ತಾನೇ ಹೇಳುವ ಕಾಲಾವಕಾಶ ಹಿರಿಯರಿಗೆ ದೊರೆಯುವುದು. ಅದನ್ನು ಕಸಿಯಲು ನಾವಾರು?

ಕರ್ನಾಟಕ ಸರ್ಕಾರವು ನಿಮ್ಹಾನ್ಸ್‌ನೊಡನೆ 2022ರಲ್ಲಿ ಮಿದುಳಿನ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿ, ಪ್ರಾಥಮಿಕ ಹಂತದ ವೈದ್ಯರ ತರಬೇತಿಗೆ ಕೈಹಾಕಿತು. ಆ ವಿದ್ಯೆಯು ಪ್ರತಿ ಆರೋಗ್ಯ ಕೇಂದ್ರವನ್ನೂ ಮುಟ್ಟತಕ್ಕದ್ದು. ನೀವೂ ಸುಮ್ಮನಿರಬೇಡಿ. ಹಿರಿಯರ ಕೈಹಿಡಿದು ಕರೆದೊಯ್ಯಿರಿ. ‘ವಯಸ್ಸಾಯಿತು’ ಎಂಬ ಉತ್ತರವನ್ನು ಒಪ್ಪಿಕೊಂಡು ಮರಳಬೇಡಿ.