ಕ್ಯಾರವಾನಿನ ವಿಲನ್: ಮೂಷಿಕರಾಯ!

ಗೆಳೆಯರೇ, ತೆರೆ ಮೇಲೆ ಇಲಿ ಬಂದ್ರೆ ನಾವು ಶಿಳ್ಳೆ ಹೊಡೀತೀವಿ. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ಯಲ್ಲಿ ಮಿಕ್ಕಿ ಮೌಸ್ ಸೀಟಿ ಊದಿದ. 1940ರಲ್ಲಿ ಟಾಮ್ ಬೆಕ್ಕಿಗೆ ಕಾಟ ಕೊಡೋಕೆ ಜೆರ್ರಿ ಶುರು ಹಚ್ಚಿಕೊಂಡ. 2007ರ ‘ರಾಟಟೂಯಿ’ಯಲ್ಲಂತೂ ಇಲಿಯೇ ಅಡುಗೆಭಟ್ಟ! ಸಿನಿಮಾ ಇಲಿಗೆ ಯಾವತ್ತೂ ಹೀರೋ ಪಟ್ಟ.

ತೆರೆ ಹಿಂದೆ ಮಾತ್ರ ಇದು ಪಕ್ಕಾ ವಿಲನ್ ಕಣ್ರೀ! ಅಡ್ಡಾ ಎಲ್ಲಿ ಗೊತ್ತಾ? ನಿಮ್ಮ ಮೆಚ್ಚಿನ ಹೀರೋ ಮೇಕಪ್ ಹಾಕಿಕೊಳ್ಳುವ ಕ್ಯಾರವಾನಲ್ಲಿ!

ಕ್ಯಾರವಾನು ಅಂದ್ರೆ ಚಕ್ರದ ಮೇಲಿನ ಮನೆ. ಎ.ಸಿ., ಸೋಫಾ, ಸುತ್ತ ಬಲ್ಬಿನ ಕನ್ನಡಿ, ಬಾತ್‌ರೂಮು... ಶೂಟಿಂಗ್ ಇದ್ದಾಗ ರಾಜವೈಭೋಗ. ಪ್ಯಾಕಪ್ ಆಯ್ತೋ, ಊರಾಚೆ ಖಾಲಿ ಸೈಟು, ಸುತ್ತ ಪೊದೆ. ಮುಂದಿನ ಚಿತ್ರ ಸೆಟ್ಟೇರುವ ತನಕ ವಾರವೋ ತಿಂಗಳೋ ಅಲ್ಲೇ ಠಿಕಾಣಿ. ಒಳಗೆ ಕತ್ತಲು, ಬೆಚ್ಚಗಿನ ಜಾಗ, ಸೋಫಾ ಸಂದಿಯಲ್ಲಿ ಬಿಸ್ಕತ್ ಚೂರು, ಗೂಡು ಕಟ್ಟೋಕೆ ಮೇಕಪ್ಪಿನ ಹತ್ತಿ. ಇಲಿಗೆ ಇನ್ನೇನು ಬೇಕು? ಮೂರು ವಾರದ ಬಸಿರು, ಒಂದು ಸೂಲಿಗೆ ಐದಾರು ಮರಿ. ಫ್ಯಾಮಿಲಿ ಪಿಕ್ಚರ್ ರೆಡಿ!

ಹೋದ ತಿಂಗಳು ಅಂಥದ್ದೊಂದು ಸೈಟಿನಲ್ಲಿ ಡ್ರೈವರಣ್ಣನೊಬ್ಬ ಸಿಕ್ಕಿದ್ದ. “ವೈರು ಕಡಿದದ್ದು ಇಲಿ ಸಾರ್, ಸಂಬಳ ಕಡಿದದ್ದು ಓನರ್ರು” ಅಂದ. ಎ.ಸಿ. ಪೈಪ್ ಹೋಗುವ ತೂತಿನ ಸುತ್ತ ಸಂದಿ ಇದೆ, ಮುಚ್ಚಿಸಿ ಅಂತ ಎರಡು ಸಲ ಕೇಳಿದ್ದನಂತೆ. “ಇಲಿಗೂ ಖರ್ಚು ಮಾಡ್ಬೇಕಾ?” ಅಂತ ಉತ್ತರ ಬಂತಂತೆ. ಈಗ ಕಾಸು ಇವನ ಜೇಬಿಂದ.

ನಾನು ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು, ಜೀವಶಾಸ್ತ್ರ ನಮಗೆ ದೂರ. ಆದರೂ ಆ ಮಾತು ಕೊರೀತಾ ಇತ್ತು, ಕೇಳಿ ಓದಿ ತಿಳ್ಕೊಂಡೆ. ಇಲಿಯ ಮುಂದಿನ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತೆ, ವಾರಕ್ಕೆ ಎರಡು ಮೂರು ಮಿಲಿಮೀಟರು. ಕಡಿದು ಸವೆಸದಿದ್ರೆ ಅದಕ್ಕೆ ಉಳಿವಿಲ್ಲ. ಡ್ರೈವರು ಎಷ್ಟೇ ಶಿಸ್ತಿನವನಾಗಲಿ, ತೂತಿದ್ರೆ ಇಲಿ ಒಳಗೆ! ಚಿಕ್ಕ ಇಲಿಗೆ ಪೆನ್ಸಿಲ್ ತೂರುವಷ್ಟು, ಅಂದ್ರೆ 6 ಮಿಲಿಮೀಟರ್ ಸಂದಿ ಸಾಕು. ದೊಡ್ಡದಕ್ಕೆ ಅದರ ಎರಡರಷ್ಟು.

ಹಾಗಾದ್ರೆ ದಾರಿ? ಗಾಡಿ ನಿಲ್ಲಿಸೋ ಮುಂಚೆ ಅಡಿಗೆ ನುಗ್ಗಿ ಟಾರ್ಚ್ ಬಿಡಿ. ವೈರು, ನೀರಿನ ಪೈಪು, ಎ.ಸಿ. ಪೈಪು ನೆಲ ತೂರುವ ಕಡೆಯೆಲ್ಲ ನೋಡಿ. ಬಟ್ಟೆ, ಸ್ಪಂಜು ತುರುಕಿದ್ರೆ ಒಂದೇ ರಾತ್ರಿಗೆ ಫಲಾಹಾರ! ತುಕ್ಕು ಹಿಡಿಯದ ಸ್ಟೀಲ್ ನಾರು ಬಿಗಿಯಾಗಿ ತುಂಬಿ, ಮೇಲೆ ಸಿಲಿಕೋನ್ ಮೆತ್ತಿ. ದೊಡ್ಡ ತೂತಿಗೆ ತಗಡು ಹೊಡೀರಿ. ಬಾಗಿಲ ರಬ್ಬರ್ ಹರಿದಿದ್ರೆ ಬದಲಾಯಿಸಿ. ತಿಂಡಿ ಒಂದು ಚೂರೂ ಉಳಿಸಬೇಡಿ. ಬೋನನ್ನು ಗೋಡೆ ಪಕ್ಕ ಇಡಿ, ಇಲಿ ಓಡೋದೇ ಗೋಡೆಗುಂಟ. ವಾರಕ್ಕೊಮ್ಮೆಯಾದ್ರೂ ಹೋಗಿ ನೋಡಿ.

ಇಲಿ ಪಾಷಾಣ ಬೇಡವೇ ಬೇಡ. ತಿಂದ ಇಲಿ ಗೋಡೆ ಸಂದಿಯಲ್ಲಿ ಸತ್ರೆ ಹೀರೋಯಿನ್ ಒಳಗೇ ಕಾಲಿಡಲ್ಲ! ಹಳದಿ ರಂಜಕದ ಇಲಿ ಪೇಸ್ಟ್ ಮನುಷ್ಯರ ಹೊಟ್ಟೆಗೆ ಹೋದ್ರೆ ಅದಕ್ಕೆ ಪ್ರತಿಮದ್ದೇ ಇಲ್ಲ. ಇನ್ನು ಕಿವಿಗೆ ಕೇಳದ ಸದ್ದು ಮಾಡಿ ಇಲಿ ಓಡಿಸ್ತೀವಿ ಅನ್ನೋ ಡಬ್ಬಿಗಳು... 2001ರಲ್ಲೇ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ, ಪುರಾವೆ ಇಲ್ಲದೆ ಜಂಬ ಕೊಚ್ಚಬೇಡಿ ಅಂತ 60ಕ್ಕೂ ಹೆಚ್ಚು ತಯಾರಕರು, ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಬರೆದಿತ್ತು.

ಈಗ ತಮಾಷೆ ಬಿಟ್ಟು ಒಂದು ಮಾತು. ಮತ್ತೆ ಶೂಟಿಂಗ್ ಅಂದಾಗ ಒಳಗೆ ಮೊದಲು ಹೋಗೋದು ಹೀರೋ ಅಲ್ಲ, ಕ್ಲೀನರ್ ಹುಡುಗ. ಇಲಿ ಉಚ್ಚೆ ಸೇರಿದ ನೀರು ಗಾಯಕ್ಕೆ ತಾಗಿದ್ರೆ ಇಲಿ ಜ್ವರ ಬರಬಹುದು, ಪ್ರಾಣಕ್ಕೇ ಕುತ್ತು. ಬಾಗಿಲು ಕಿಟಕಿ ಅರ್ಧ ಗಂಟೆ ತೆರೆದಿಟ್ಟು, ಕೈಗೆ ಗ್ಲೌಸ್ ಹಾಕಿ, ಹಿಕ್ಕೆ ಮೇಲೆ ಬ್ಲೀಚಿಂಗ್ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು ಒರೆಸಬೇಕು. ಒಣ ಪೊರಕೆ ಕೂಡದು, ಧೂಳು ಮೂಗಿಗೆ ಹೋಗುತ್ತೆ. ಜನರೇಟರ್ ಆನ್ ಮಾಡೋ ಮುಂಚೆ ವೈರ್ ನೋಡಲೇಬೇಕು, ಸಿಪ್ಪೆ ಹೋದ ವೈರು ಬೆಂಕಿಗೆ ದಾರಿ.

ಸ್ಟೀಲ್ ನಾರು, ಸಿಲಿಕೋನು, ಒಂದು ಜೊತೆ ಗ್ಲೌಸು... ಇಷ್ಟನ್ನೂ ಕೊಡಿಸದ ಓನರ್‌ಗೆ ಡ್ರೈವರ್ ಸಂಬಳ ಹಿಡಿಯೋ ಹಕ್ಕು ಎಲ್ಲಿಂದ ಬಂತು? ಇದು ನನ್ನ ಪ್ರಶ್ನೆ.

ಅಭಿಮಾನಿ ದೇವರುಗಳೇ, ನಿಮಗೂ ಒಂದು ಬಿನ್ನಹ. ಹೀರೋನ ನೋಡೋಕೆ ಕ್ಯಾರವಾನ್ ಸುತ್ತ ಮುತ್ತಿಕೊಂಡಾಗ ಕಡಲೆಕಾಯಿ ತಿಂದು ಅದರಡಿಗೆ ಎಸೀಬೇಡಿ. ನೀವು ಕೂಗೋದು ಹೀರೋಗೆ ಜೈ, ಊಟ ಹಾಕೋದು ವಿಲನ್‌ಗೆ!

ಬರ್ಲಾ? ಮುಂದಿನ ವಾರ ಸಿಗೋಣ.