ಸಾಲಕ್ಕೆ ವರ್ಷಕ್ಕೊಂದು ಲೆಕ್ಕ, ಒಡಲಿಗೆ ಲೆಕ್ಕವೇ ಇಲ್ಲ



ಮಾರ್ಚ್ ತಿಂಗಳು ಬಂತೆಂದರೆ ಸೊಸೈಟಿಯವರು ನಮ್ಮನ್ನು ಹುಡುಕಿಕೊಂಡು ಬರ್ತಾರೆ. ಅಸಲೆಷ್ಟು, ಬಡ್ಡಿಯೆಷ್ಟು, ಪಹಣಿ ಯಾರ ಹೆಸರಲ್ಲಿದೆ, ಎಲ್ಲ ನೋಡಿ ಬೆಳೆಸಾಲ ನವೀಕರಣ ಮಾಡಿಸ್ತಾರೆ. ದನಕ್ಕೆ ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಕೊಟ್ಟಿಗೆಗೇ ಬರುತ್ತೆ, ಕಿವಿಯೋಲೆಯ ಹನ್ನೆರಡು ಅಂಕಿ ಬರೆದುಕೊಂಡು ಹೋಗ್ತಾರೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಬಿ.ಪಿ. ಹೊತ್ತುಕೊಂಡು ಹೊಲ ಮಾಡುತ್ತಿರುವವನ ಮೂತ್ರಪಿಂಡ ಈ ವರ್ಷ ಹೇಗಿದೆ, ಕಣ್ಣು ಹೇಗಿದೆ ಎಂದು ವರ್ಷಕ್ಕೊಮ್ಮೆ ಲೆಕ್ಕ ನೋಡುವವರು ಯಾರು?

ಸರ್ಕಾರ ಮಾತ್ರೆ ಕೊಡ್ತಿದೆಯಲ್ಲ ಅಂತೀರಿ. ಹೌದು. ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮವನ್ನು ಕೇಂದ್ರ 2010ರಲ್ಲೇ ಶುರು ಮಾಡಿತು. ಮನೆ ಬಾಗಿಲಲ್ಲೇ ತಪಾಸಣೆ ಎಂದು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆ ಆರಂಭಿಸಿತು. ಒಳ್ಳೆಯದೇ. ಆದರೆ ಬೆರಳು ಚುಚ್ಚಿ ನೋಡುವುದು ಆ ಹೊತ್ತಿನ ಸಕ್ಕರೆ ಮಾತ್ರ. ಮೂರು ತಿಂಗಳ ಸರಾಸರಿ ಹೇಳುವ ರಕ್ತಪರೀಕ್ಷೆಯೇ ಬೇರೆ. ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಕೊಬ್ಬು, ಕಣ್ಣಿನ ಹಿಂಬದಿ ಪರದೆ, ಪಾದದ ಸ್ಪರ್ಶ, ಇಷ್ಟನ್ನೂ ವರ್ಷಕ್ಕೊಮ್ಮೆಯಾದರೂ ನೋಡಲೇಬೇಕು ಎಂಬುದು ವೈದ್ಯರೆಲ್ಲ ಒಪ್ಪಿದ ಮಾತು. ಬ್ರಿಟನ್ನಿನಲ್ಲಿ 2004ರಿಂದ ಇಂಥ ಪರೀಕ್ಷೆಗಳನ್ನು ಮಾಡಿದ್ದಕ್ಕೆಂದೇ ಊರಿನ ವೈದ್ಯರಿಗೆ ಸರ್ಕಾರ ದುಡ್ಡು ಕೊಡುತ್ತಾ ಬಂದಿದೆ. ನಮ್ಮಲ್ಲಿ? "ಶುಗರ್ ಸ್ವಲ್ಪ ಜಾಸ್ತಿ ಇದೆ, ಅನ್ನ ಕಡಿಮೆ ಮಾಡ್ರಿ" ಎಂದು ಒಂದು ತಿಂಗಳ ಮಾತ್ರೆ ಕೈಗಿಟ್ಟರೆ ಮುಗೀತು.

ಈ ಕಾಯಿಲೆಯ ಕೆಟ್ಟತನವೇನೆಂದರೆ ಅದು ನೋಯಿಸುವುದಿಲ್ಲ. ಮೂತ್ರಪಿಂಡ ಮುಕ್ಕಾಲು ಹಾಳಾದರೂ ಆಳು ಉಳುತ್ತಲೇ ಇರ್ತಾನೆ. ಹೊಳಲ್ಕೆರೆ, ಹೊಸದುರ್ಗದ ತೋಟದವರನ್ನೇ ನೋಡಿ. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಬರಿಗಾಲಲ್ಲಿ ಕಾಲುವೆ ತಿರುವಲು ಹೋಗ್ತಾರೆ. ಜಾಲಿ ಮುಳ್ಳು ಚುಚ್ಚಿದ್ದು ಜೋಮು ಹಿಡಿದ ಪಾದಕ್ಕೆ ಗೊತ್ತಾಗುವುದೇ ಇಲ್ಲ. ಕೀವಾಗಿ ವಾಸನೆ ಬಂದ ಮೇಲೆ ದಾವಣಗೆರೆಗೋ ಶಿವಮೊಗ್ಗಕ್ಕೋ ಓಟ.

ಇನ್ನು ನಮ್ಮ ಜಿಲ್ಲೆಗೆ ಫ್ಲೋರೈಡ್ ಶಾಪ ಬೇರೆ. ಆಳದ ಬೋರ್‌ವೆಲ್ ನೀರು ಕುಡಿದು ಮೂಳೆ ನೋವು, ಮಂಡಿ ನೋವು. ಅದಕ್ಕೆ ಅಂಗಡಿಯ ನೋವಿನ ಗುಳಿಗೆ, ಸಂತೆ ದಿನ ಒಂದು ಇಂಜೆಕ್ಷನ್. ಸಕ್ಕರೆ, ಬಿ.ಪಿ. ಇದ್ದವನ ಮೂತ್ರಪಿಂಡಕ್ಕೆ ಈ ನೋವಿನ ಗುಳಿಗೆಯೇ ಕಂಟಕ. ವರ್ಷಕ್ಕೊಮ್ಮೆ ಕೂರಿಸಿಕೊಂಡು "ಏನೇನು ಗುಳಿಗೆ ತಗೊಳ್ತಿದ್ದೀಯಪ್ಪಾ" ಎಂದು ಕೇಳುವವರಿದ್ದರೆ ಅಲ್ಲೇ ತಡೆಯಬಹುದಿತ್ತು.

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಮಾತು. 2003ರ ಯಶಸ್ವಿನಿ ನಮ್ಮ ಸಹಕಾರ ಸಂಘಗಳದೇ ಕೂಸು. 2018ರಲ್ಲಿ ನಿಲ್ಲಿಸಿ, 2023ರಲ್ಲಿ ಮತ್ತೆ ತಂದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರದು. ಅದರಲ್ಲಿ ಎ.ಪಿ.ಎಲ್. ಕಾರ್ಡಿನ ರೈತನಿಗೆ ಸಿಗುವುದು ಪ್ಯಾಕೇಜಿನ ಶೇ. 30 ಮಾತ್ರ. ಎರಡೂ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದ ಮೇಲಿನ ಯೋಜನೆಗಳು. ಕಾಲು ಕತ್ತರಿಸಲು ದುಡ್ಡುಂಟು, ಕಾಲು ನೋಡಲು ದುಡ್ಡಿಲ್ಲ! ಇದ್ಯಾವ ನ್ಯಾಯ?

ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕರೂ ವಾರಕ್ಕೆ ಎರಡು ಮೂರು ಸಲ ಹೋಗಬೇಕು. ಜೊತೆಗೊಬ್ಬ ಮಗ, ಬಸ್ಸು ಇಲ್ಲವೇ ಆಟೋ, ಊಟ, ತಪ್ಪಿದ ಹೊಲದ ಕೆಲಸ. ಇದಕ್ಕೆ ಕೈಸಾಲ, ಆಮೇಲೆ ಒಡವೆ, ಆಮೇಲೆ ಎರಡೆಕರೆ ಭೋಗ್ಯ. ಈ ಸಾಲ ಯಾವ ಲೆಕ್ಕಕ್ಕೂ ಬರುವುದಿಲ್ಲ. 2018ರ ಮನ್ನಾ ಬೆಳೆಸಾಲಕ್ಕೆ ಬಂತು, ಕಿಡ್ನಿ ಸಾಲಕ್ಕಲ್ಲ. ಈರುಳ್ಳಿ ಬೆಲೆ ಬಿದ್ದು ಹೋದ ಜಮೀನಿಗಾದರೂ ನಾವು ರಸ್ತೆಗಿಳಿದು ಕೂಗ್ತೇವೆ. ಕಾಯಿಲೆಗೆ ಹೋದ ಜಮೀನಿಗೆ ಹಣೆಬರಹ ಅಂತೇವೆ.

ಹಣೆಬರಹವಲ್ಲ, ಸರ್ಕಾರದ ಅಸಡ್ಡೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಇದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗೆಳೆಯರು ಮುಂದಿನ ಸಭೆಗೆ ಹತ್ತು ಹತ್ತು ಜನ ಹೋಗಿ ಮೂರು ಪ್ರಶ್ನೆ ಬರಹದಲ್ಲಿ ಕೊಡಿ. ನಿಮ್ಮ ಪಟ್ಟಿಯಲ್ಲಿ ಸಕ್ಕರೆ, ಬಿ.ಪಿ. ಇರುವವರು ಎಷ್ಟು ಜನ? ಕಳೆದ ವರ್ಷ ಅವರಲ್ಲಿ ಎಷ್ಟು ಜನರ ಕಣ್ಣು, ಪಾದ, ಮೂತ್ರ, ಕ್ರಿಯಾಟಿನಿನ್ ನೋಡಿದ್ದೀರಿ? ಉಳಿದವರಿಗೆ ಯಾವ ತಿಂಗಳು, ಯಾವ ದಿನ? ಉತ್ತರವನ್ನೂ ಬರಹದಲ್ಲೇ ಪಡೆದು ಪತ್ರಿಕೆಗೆ ಕಳಿಸಿಕೊಡಿ.