ಉಸಿರಾಡುವ ಪ್ಯಾಂಟು

ಕಳೆದ ಆಗಸ್ಟ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ಪ್ಯಾಂಟಿನ ವಿಷಯಕ್ಕೆ ಮೂರು ದಿನ ಚರ್ಚೆ ನಡೆಯಿತು. ಒಂಬತ್ತನೇ ತರಗತಿಯ ಮೊಮ್ಮಗಳು ಶಾಲೆಯಿಂದ ಒಂದು ಚೀಟಿ ತಂದಿದ್ದಳು. ಸೆಪ್ಟೆಂಬರ್ ಕೊನೆಯಲ್ಲಿ ಕೊಡಚಾದ್ರಿಗೆ ಚಾರಣ. ತರಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಏಳನೆಯದು: ‘ನೀರು ಒಳಗೆ ಬಿಡದ, ಉಸಿರಾಡುವ ಪ್ಯಾಂಟು – 1’.

“ಉಸಿರಾಡೋ ಪ್ಯಾಂಟಿಗೆ ಮೂಗು ಎಲ್ಲಿರುತ್ತೆ?” ಎಂದು ಅವಳ ತಮ್ಮ ಕೇಳಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೊಡಚಾದ್ರಿ ಎಂದ ಕೂಡಲೇ ನನಗೆ 1978ರ ಜುಲೈ ತಿಂಗಳ ಒಂದು ಭಾನುವಾರ ನೆನಪಾಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಪ್ಯಾಂಟಿನ ಸಮಾಚಾರ.

ಮಾರನೆಯ ದಿನ ತಾತ, ಮೊಮ್ಮಗಳು ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಮೂರು ಪ್ಯಾಂಟು ತಂದು ಹರಡಿದ. ಒಂದರ ಬೆಲೆ ನನ್ನ ಮೊದಲ ವರ್ಷದ ಇಡೀ ಸಂಬಳಕ್ಕಿಂತ ಹೆಚ್ಚು! ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಎರಡು ಅಂಕಿ. ಒಂದರಲ್ಲಿ 10,000/10,000, ಇನ್ನೊಂದರಲ್ಲಿ 20,000/20,000. “ಇಪ್ಪತ್ತು ಸಾವಿರದ್ದೇ ತಗೊಳ್ಳಿ ಸಾರ್, ಡಬಲ್ ಒಳ್ಳೇದು” ಎಂದ ಹುಡುಗ. ನಾನು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದವನು. ಅಂಕಿ ಕಂಡರೆ ಅದು ಎಲ್ಲಿಂದ ಬಂತು ಎಂದು ನೋಡದೆ ಸಹಿ ಹಾಕುವವನಲ್ಲ. “ನಾಳೆ ಬರುತ್ತೇವಪ್ಪ” ಎಂದು ಎದ್ದುಬಂದೆ. ಮೊಮ್ಮಗಳ ಮುಖ ಸಣ್ಣದಾಯಿತು.

ಆ ರಾತ್ರಿ ಇಬ್ಬರೂ ಕೂತು ಓದಿ ತಿಳಿದುಕೊಂಡದ್ದು ಇಷ್ಟು.

ಮಳೆ ತಡೆಯುವ ಬಟ್ಟೆ ಹೊಸದೇನಲ್ಲ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬಾತ ಎರಡು ಬಟ್ಟೆಗಳ ನಡುವೆ ರಬ್ಬರ್ ಲೇಪಿಸಿ ನೀರು ತಡೆಯುವ ಬಟ್ಟೆಗೆ ಪೇಟೆಂಟ್ ಪಡೆದ. ಮಳೆ ಒಳಗೆ ಬರಲಿಲ್ಲ ನಿಜ. ಬೆವರೂ ಹೊರಗೆ ಹೋಗಲಿಲ್ಲ. ಪ್ಲಾಸ್ಟಿಕ್ ರೈನ್‌ಕೋಟ್ ಹಾಕಿಕೊಂಡು ಬಸ್‌ಸ್ಟಾಪಿಗೆ ಓಡಿದವರಿಗೆಲ್ಲ ಈ ಕಷ್ಟ ಗೊತ್ತು. ಹೊರಗಿನ ಮಳೆಯಲ್ಲಿ ನೆನೆಯದಿದ್ದರೂ ಒಳಗಿನ ಬೆವರಿನಲ್ಲಿ ನೆಂದಿರುತ್ತೇವೆ.

ಇದಕ್ಕೆ ದಾರಿ ಸಿಕ್ಕಿದ್ದು 1969ರಲ್ಲಿ. ಅಮೆರಿಕದ ರಾಬರ್ಟ್ ಗೋರ್ ಎಂಬ ವಿಜ್ಞಾನಿ ನಮ್ಮ ನಾನ್‌ಸ್ಟಿಕ್ ಕಾವಲಿಗೆ ಬಳಿಯುತ್ತಾರಲ್ಲ, ಅದೇ ವಸ್ತುವಿನ ಕಡ್ಡಿಗಳನ್ನು ಬಿಸಿ ಮಾಡಿ ನಿಧಾನವಾಗಿ ಎಳೆಯುತ್ತಿದ್ದ. ಪ್ರತಿ ಸಲವೂ ತುಂಡಾಗುತ್ತಿತ್ತು. ಕೊನೆಗೆ ಬೇಸತ್ತು ಒಮ್ಮೆ ಜೋರಾಗಿ ಎಳೆದುಬಿಟ್ಟ. ತುಂಡಾಗುವ ಬದಲು ಅದು ಹಲವು ಪಟ್ಟು ಉದ್ದವಾಯಿತು! ಹಾಗೆ ಹಿಗ್ಗಿದ ಪೊರೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ರಂಧ್ರಗಳು. ಮಳೆಯ ಹನಿ ನುಗ್ಗಲಾರದಷ್ಟು ಕಿರಿದು, ಬೆವರಿನ ಆವಿ ದಾಟುವಷ್ಟು ಹಿರಿದು. ಇದೇ ಗೋರ್‌ಟೆಕ್ಸ್. ಇಂದು ಬೇರೆ ಬೇರೆ ವಸ್ತುಗಳಿಂದಲೂ ಇಂಥ ಪೊರೆಗಳನ್ನು ಮಾಡುತ್ತಾರೆ. ‘ಉಸಿರಾಡುವುದು’ ಎಂದರೆ ಗಾಳಿ ಆಡುವುದಲ್ಲ, ಆವಿ ಹೊರಗೆ ಹೋಗುವುದು.

ಮಕ್ಕಳೇ, ಇದನ್ನು ನೀವೂ ನೋಡಬಹುದು. ಆದರೆ ಬಿಸಿನೀರಿನ ಕೆಲಸ, ಅಜ್ಜನೋ ಅಜ್ಜಿಯೋ ಜೊತೆಗಿರಲಿ. ಒಂದು ಲೋಟಕ್ಕೆ ಅರ್ಧದಷ್ಟು ಬಿಸಿನೀರು ಹಾಕಿ, ಬಾಯಿಗೆ ಈ ಬಗೆಯ ಪ್ಯಾಂಟಿನ ಕಾಲನ್ನು ಬಿಗಿಯಾಗಿ ಹೊದಿಸಿ ರಬ್ಬರ್ ಬ್ಯಾಂಡ್ ಹಾಕಿ. ಅದರ ಮೇಲೆ ತಣ್ಣಗಿನ ಗಾಜಿನ ಲೋಟವನ್ನು ಬೋರಲಾಗಿ ಇಡಿ. ಸ್ವಲ್ಪ ಹೊತ್ತಿಗೆ ಮೇಲಿನ ಲೋಟದ ಒಳಗೆ ಮಂಜು ಕಟ್ಟುತ್ತದೆ. ಪ್ಯಾಂಟಿನ ಬದಲು ಪ್ಲಾಸ್ಟಿಕ್ ಚೀಲ ಕಟ್ಟಿದರೆ ಮೇಲಿನ ಲೋಟ ಒಣಗಿಯೇ ಇರುತ್ತದೆ. ನಾವು ನನ್ನ ಮಗನ ಹಳೆಯ ಚಾರಣದ ಪ್ಯಾಂಟಿನಲ್ಲಿ ಮಾಡಿ ನೋಡಿದೆವು.

ಇನ್ನು ಆ ಅಂಕಿಗಳು. ಮೊದಲನೆಯದು ನೀರು ತಡೆಯುವ ಶಕ್ತಿ, ಮಿಲಿಮೀಟರ್ ಲೆಕ್ಕದಲ್ಲಿ. ಬಟ್ಟೆಯ ಮೇಲೆ ನೀರಿನ ಒತ್ತಡವನ್ನು ಹೆಚ್ಚಿಸುತ್ತಾ ಹೋಗುತ್ತಾರೆ. ಮೂರು ಕಡೆ ಹನಿ ಜಿನುಗಿದಾಗ ನಿಲ್ಲಿಸಿ ಅಳೆಯುತ್ತಾರೆ. 10,000 ಎಂದರೆ ಹತ್ತು ಮೀಟರ್ ಎತ್ತರದ ನೀರಿನ ಕಂಬವನ್ನು ಆ ಬಟ್ಟೆ ತಡೆಯಿತು ಎಂದರ್ಥ. ಅಂದರೆ ಮೂರು ಅಂತಸ್ತಿನ ಮನೆಯಷ್ಟು! ಬೀಳುವ ಮಳೆಗೆ ಅಷ್ಟು ಒತ್ತಡ ಇರುವುದಿಲ್ಲ. ಆದರೆ ಒದ್ದೆ ಬಂಡೆಯ ಮೇಲೆ ಕೂತಾಗ, ಮಂಡಿ ಊರಿದಾಗ ಒತ್ತಡ ಹೆಚ್ಚುತ್ತದೆ. ಪ್ಯಾಂಟಿಗೆ ಈ ಅಂಕಿ ಮುಖ್ಯ ಅನ್ನುವುದು ಅದಕ್ಕೇ.

ಎರಡನೆಯದು ಒಂದು ಚದರ ಮೀಟರ್ ಬಟ್ಟೆಯ ಮೂಲಕ ಇಪ್ಪತ್ತನಾಲ್ಕು ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂಬುದು. ಇಲ್ಲೊಂದು ಕಿತಾಪತಿ ಇದೆ. ಇದನ್ನು ಅಳೆಯುವ ವಿಧಾನಗಳು ಹಲವು. ಒಂದೇ ಬಟ್ಟೆಗೆ ಒಂದು ವಿಧಾನದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬರುತ್ತದೆ. ಹಾಗಾಗಿ ಎರಡು ಕಂಪನಿಗಳ ಅಂಕಿಯನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಸೇರಿಗೂ ಲೀಟರಿಗೂ ವ್ಯತ್ಯಾಸ ಗೊತ್ತಿಲ್ಲದೆ ಹಾಲು ಕೊಂಡಂತೆ. ಕೆಲವು ಚೀಟಿಗಳಲ್ಲಿ ‘ಆರ್‌ಇಟಿ’ ಎಂಬ ಅಂಕಿ ಇರುತ್ತದೆ. ಅದು ಆವಿಗೆ ಬಟ್ಟೆ ಒಡ್ಡುವ ಅಡ್ಡಿ. ಕಡಿಮೆ ಇದ್ದಷ್ಟೂ ಒಳ್ಳೆಯದು. ಉಳಿತಾಯ ಖಾತೆಯಲ್ಲಿ ದೊಡ್ಡ ಮೊತ್ತ ಕಂಡರೆ ಸಂತೋಷ, ಸಾಲದ ಖಾತೆಯಲ್ಲಿ ಕಂಡರೆ ಸಂಕಟ. ಯಾವ ಖಾತೆ ಎಂದು ನೋಡಿಕೊಳ್ಳದೆ ಅಂಕಿ ಓದಬಾರದು.

ಇಷ್ಟೆಲ್ಲ ಆದಮೇಲೆ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. “ತಾತ, ಮೇಲಿನ ಲೋಟದಲ್ಲಿ ಮೊದಲೇ ಆವಿ ತುಂಬಿದ್ರೆ, ಕೆಳಗಿನ ಆವಿ ಎಲ್ಲಿಗೆ ಹೋಗುತ್ತೆ?”

ಅಂಗಡಿಯ ಹುಡುಗ ಹೇಳದೆ ಬಿಟ್ಟದ್ದು ಇದನ್ನೇ. ಆವಿ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ. ತಣ್ಣಗಿನ, ಒಣಹವೆಯ ಬೆಟ್ಟಗಳಲ್ಲಿ ಈ ಪ್ಯಾಂಟು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ ಹೊರಗಿನ ಗಾಳಿಯೇ ಆವಿಯಿಂದ ತುಂಬಿರುತ್ತದೆ. ಆಷಾಢದಲ್ಲಿ ಜಗಲಿಯ ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲವಲ್ಲ, ಅದೇ ಕಾರಣ. ಅಲ್ಲಿ ಹತ್ತು ಸಾವಿರದ ಪ್ಯಾಂಟೂ ಇಪ್ಪತ್ತು ಸಾವಿರದ ಪ್ಯಾಂಟೂ ಏರುದಾರಿಯಲ್ಲಿ ಏದುಸಿರು ಬಿಡಬೇಕಾದದ್ದೇ. ನಮ್ಮ ಹಿರಿಯರು ಗದ್ದೆ ನಾಟಿಗೆ ಗೊರಬೆ ಹೊದ್ದು ಹೋಗುತ್ತಿದ್ದರು. ಬೆನ್ನಿಗೆ ಮರೆ, ಮುಂದೆಲ್ಲ ಖಾಲಿ. ಗಾಳಿಯಾಡಲು ಅದಕ್ಕೆ ರಂಧ್ರಗಳ ಪೊರೆ ಬೇಕಾಗಿರಲಿಲ್ಲ.

“ಹಾಗಾದ್ರೆ ಪ್ಯಾಂಟೇ ಬೇಡವಾ?” ಎಂದಳು. ಆಗ ನಾನು 1978ರ ಕಥೆ ಹೇಳಬೇಕಾಯಿತು. ಅದುವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾನಾಗ ಶಿವಮೊಗ್ಗದ ಕಡೆ ಗುಮಾಸ್ತೆ. ಶಾಖೆಯ ನಾಲ್ವರು ಕೊಡಚಾದ್ರಿ ಹತ್ತಲು ಹೊರಟೆವು. ಎತ್ತರ 1,343 ಮೀಟರ್. ನಾನೇ ಹಿರಿಯ. ಕಾಲಿಗೆ ಆ ಕಾಲದ ಫ್ಯಾಷನ್, ಹತ್ತಿಯ ಬೆಲ್ ಬಾಟಂ. ಕೈಯಲ್ಲಿ ಒಂದೊಂದು ಕೊಡೆ. ಅರ್ಧ ದಾರಿಗೇ ಗಾಳಿಗೆ ಕೊಡೆಗಳು ಮಗುಚಿದವು. ಪ್ಯಾಂಟು ನೀರು ಕುಡಿದು ಮಣಭಾರವಾಯಿತು. ನಮ್ಮಲ್ಲಿ ಕಿರಿಯವನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗ. “ವಾಪಸ್ ಹೋಗೋಣ್ವಾ ಸಾರ್?” ಎಂದು ಒಂದೇ ಸಲ ಕೇಳಿದ. “ಮಳೆ ಅಂದ್ರೆ ನೀರು ತಾನೇ, ಸಕ್ಕರೆಯೇನಯ್ಯಾ ನೀನು, ಕರಗಿಹೋಗೋಕೆ?” ಎಂದೆ. ಎಲ್ಲರೂ ನಕ್ಕರು. ಅವನು ಮತ್ತೆ ಮಾತಾಡಲಿಲ್ಲ.

ಇಳಿಯುವಾಗ ಅವನು ಎಡವತೊಡಗಿದ. ಮೊದಲು ಗಡಗಡ ನಡುಗುತ್ತಿದ್ದವನು ಆಮೇಲೆ ನಡುಗುವುದನ್ನೇ ನಿಲ್ಲಿಸಿದ. ಒಳ್ಳೆಯದಾಯಿತು ಎಂದುಕೊಂಡೆ, ಅದು ಕೆಟ್ಟ ಲಕ್ಷಣ ಎಂದು ನನಗೆ ಗೊತ್ತಿರಲಿಲ್ಲ. “ಕ್ಯಾಷ್ ಟ್ಯಾಲಿ ಆಗ್ತಿಲ್ಲ” ಎಂದು ತೊದಲತೊಡಗಿದಾಗ ನನ್ನ ಎದೆ ಝಲ್ಲೆಂದಿತು. ಕೆಳಗೆ ಸಿಕ್ಕ ಮೊದಲ ಮನೆಗೆ ಅವನನ್ನು ಹೆಚ್ಚುಕಡಿಮೆ ಹೊತ್ತೇ ತಂದೆವು. ಆ ಮನೆಯ ಅಜ್ಜಿ ಒಂದು ಪ್ರಶ್ನೆಯನ್ನೂ ಕೇಳದೆ ಅವನ ಒದ್ದೆ ಬಟ್ಟೆ ಬಿಚ್ಚಿಸಿದರು. ಒಣ ಪಂಚೆ ಸುತ್ತಿಸಿ, ಎರಡು ಕಂಬಳಿ ಹೊದಿಸಿ, ಗುಟುಕು ಗುಟುಕಾಗಿ ಜೀರಿಗೆ ಕಷಾಯ ಕುಡಿಸಿದರು. ಒಂದು ಗಂಟೆಯ ಮೇಲೆ ಅವನ ಮಾತು ಸರಿಹೋಯಿತು. ಅಜ್ಜಿ ನನ್ನ ಕಡೆ ತಿರುಗಿ, “ಮಳೇಲಿ ನೆನೆದ್ರೆ ಏನಾಗ್ತದೆ ಮಾರಾಯ್ರೆ, ಒದ್ದೇಲಿ ಗಾಳಿಗೆ ನಿಲ್ಲಬಾರದು” ಎಂದರು.

ಪ್ಯಾಂಟು ಏಕೆ ಬೇಕು ಎಂಬುದಕ್ಕೆ ಉತ್ತರ ಅದೇ. ನಮ್ಮ ಬೆಟ್ಟಗಳಲ್ಲಿ ಪೂರ್ತಿ ಒಣಗಿರುತ್ತೇವೆ ಎಂಬ ಆಸೆ ಬೇಡ. ಗಾಳಿ ತಡೆಯಲು, ಮೈಯ ಬಿಸಿ ಹೊರಗೆ ಹೋಗದಂತೆ ನೋಡಿಕೊಳ್ಳಲು ಈ ಪ್ಯಾಂಟು ಬೇಕು. ಒಳಗೆ ಹತ್ತಿಯದೂ ಬೇಡ, ಜೀನ್ಸಂತೂ ಬೇಡವೇ ಬೇಡ. ಬೇಗ ಒಣಗುವ ತೆಳು ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ.

ಮಾರನೆಯ ದಿನ ಅಂಗಡಿಯಲ್ಲಿ ನಾವು ಚೀಟಿ ಬಿಟ್ಟು ಪ್ಯಾಂಟನ್ನೇ ನೋಡಿದೆವು. ಒಳಮಗ್ಗುಲು ತಿರುವಿ, ಪ್ರತಿ ಹೊಲಿಗೆಯ ಮೇಲೂ ಟೇಪ್ ಅಂಟಿಸಿದ್ದಾರೆಯೇ ಎಂದು ಪರೀಕ್ಷಿಸಿದೆವು. ಸೂಜಿ ಚುಚ್ಚಿದ ತೂತಿನಿಂದಲೇ ನೀರು ನುಗ್ಗುವುದು. ಶೂ ಬಿಚ್ಚದೆ ಹಾಕಲು ಬರುತ್ತದೆಯೇ ಎಂದು ನೋಡಿದೆವು. ಪಕ್ಕದ ಜಿಪ್ ಪಾದದಿಂದ ಮಂಡಿಯವರೆಗಾದರೂ ಇದ್ದರೆ ಸುಲಭ. ತೊಡೆಯವರೆಗೆ ಇದ್ದರೆ ಏರುದಾರಿಯಲ್ಲಿ ತೆರೆದುಕೊಂಡು ನಿಜವಾದ ಗಾಳಿಯನ್ನೇ ಒಳಗೆ ಬಿಡಬಹುದು. ನನ್ನ ವಯಸ್ಸಿನವರೇ, ಜಾರುನೆಲದಲ್ಲಿ ಒಂಟಿ ಕಾಲಲ್ಲಿ ನಿಂತು ಪ್ಯಾಂಟು ಏರಿಸುವ ಸಾಹಸ ನಮಗೆ ಬೇಡ. ನಾವು ಜಿಪ್ ನೋಡಿಯೇ ಕೊಳ್ಳಬೇಕು. ಆಮೇಲೆ ಮೊಮ್ಮಗಳು ಕುಕ್ಕರುಗಾಲಲ್ಲಿ ಕೂತಳು, ಮಂಡಿಯನ್ನು ಹೊಟ್ಟೆಯವರೆಗೆ ಎತ್ತಿದಳು. ಎಲ್ಲಿಯೂ ಬಿಗಿಯಲಿಲ್ಲ. ಪಾದದ ಬಳಿ ಬಿಗಿ ಮಾಡುವ ಪಟ್ಟಿಯಿತ್ತು. ಇಂಬಳಗಳಿಗೂ ಸ್ವಲ್ಪ ಅಡ್ಡಿ. ಇಷ್ಟೆಲ್ಲ ಇದ್ದದ್ದು ಮಧ್ಯದ ಬೆಲೆಯ, 10,000ದ ಪ್ಯಾಂಟಿನಲ್ಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ, ದುಬಾರಿಯಾದದ್ದೆಲ್ಲ ಅನುಕೂಲವೂ ಅಲ್ಲ.

ಇಂಥ ಪ್ಯಾಂಟು ಇರುವವರಿಗೆ ಇನ್ನೊಂದು ಮಾತು. ಹೊಸತರಲ್ಲಿ ನೀರು ಕೆಸುವಿನ ಎಲೆಯ ಮೇಲಿನಂತೆ ಉರುಳಿಹೋಗುತ್ತದೆ. ಹೊರಮೈಗೆ ಬಳಿದ ಲೇಪನ ಸವೆದ ಮೇಲೆ ಬಟ್ಟೆ ನೀರು ಹೀರಿಕೊಳ್ಳುತ್ತದೆ, ಆಗ ಆವಿಯ ದಾರಿಯೂ ಮುಚ್ಚುತ್ತದೆ. ಬಹಳ ಜನ ಪ್ಯಾಂಟು ಸೋರುತ್ತಿದೆ ಎಂದು ಎಸೆಯುತ್ತಾರೆ, ಆದರೆ ಆಗಿರುವುದು ಬೆವರು. ಕೊಳೆಯಾದರೆ ಒಗೆಯಿರಿ, ಬಟ್ಟೆ ಮೆದುವಾಗಿಸುವ ದ್ರಾವಣ ಮಾತ್ರ ಹಾಕಬೇಡಿ. ಲೇಪನವನ್ನು ಮತ್ತೆ ಹಾಕಲು ಸ್ಪ್ರೇ ಸಿಗುತ್ತದೆ.

ಪ್ಯಾಂಟಿನ ಜೊತೆ ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಕಾಲುಚೀಲ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಟ್ಟೆ. “ಇದು ಫಿಕ್ಸೆಡ್ ಡೆಪಾಸಿಟ್. ಕಷ್ಟ ಬಂದಾಗ ಮಾತ್ರ ಮುರಿಯಬೇಕು” ಎಂದೆ.

ಅವಳು ಹೊರಟ ರಾತ್ರಿ ನಿದ್ದೆ ಬರಲಿಲ್ಲ. ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವನಿಗೂ ಈಗ ಮೊಮ್ಮಕ್ಕಳಿದ್ದಾರೆ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಕೇಳಿದೆ: “ಆವತ್ತು ಅಷ್ಟು ಚಳಿಯಾಗ್ತಿದ್ರೂ ಯಾಕಯ್ಯಾ ಹೇಳಲಿಲ್ಲ?” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಒಂದ್ಸಲ ಹೇಳಿದ್ನಲ್ಲ ಸಾರ್. ನೀವೆಲ್ಲ ನಕ್ಕಿರಿ” ಎಂದ. “ತಪ್ಪಾಯ್ತು ಕಣಯ್ಯಾ” ಎಂದೆ. ಹೇಳಬೇಕಾಗಿದ್ದ ಮಾತು, ತಡವಾಗಿ ಹೇಳಿದೆ.

ಮೊಮ್ಮಗಳು ಸೋಮವಾರ ಬೆಳಿಗ್ಗೆ ಬಂದಳು. “ತಾತ, ನಿನ್ನ ಪ್ಯಾಂಟು ಉಸಿರಾಡಲೇ ಇಲ್ಲ, ಒಳಗೆಲ್ಲ ಬೆವರು” ಎಂಬುದು ಮೊದಲ ವರದಿ. ಮೇಲೆ ಗಾಳಿ ಜೋರಿತ್ತಂತೆ, ಆದರೆ ಕಾಲು ಬೆಚ್ಚಗಿತ್ತಂತೆ. ಮಾಸ್ತರರು “ಯಾರಿಗಾದರೂ ತುಂಬಾ ಚಳಿಯಾಗ್ತಿದೆಯಾ?” ಎಂದು ಕೇಳಿದಾಗ ಒಬ್ಬರೂ ಕೈಯೆತ್ತಲಿಲ್ಲವಂತೆ.

“ಆಮೇಲೆ?”

“ನಾನು ಎತ್ತಿದೆ. ನಂಗೇನೂ ಅಷ್ಟು ಚಳಿ ಇರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ನಡುಗ್ತಾ ಇದ್ಲು. ನಾನು ಎತ್ತಿದ ಮೇಲೆ ಅವಳೂ ಎತ್ತಿದ್ಲು, ಇನ್ನೂ ನಾಲ್ಕು ಜನ ಎತ್ತಿದ್ರು. ಎಲ್ಲರೂ ಅಲ್ಲಿಂದಲೇ ಇಳಿದುಬಿಟ್ವಿ. ತುದಿ ನೋಡೋಕಾಗಲಿಲ್ಲ.”

ಬ್ಯಾಗು ಬಿಚ್ಚಿದೆ. ತಳದಲ್ಲಿಟ್ಟಿದ್ದ ಉಣ್ಣೆಯ ಕಾಲುಚೀಲ ಇರಲಿಲ್ಲ. “ಅವಳ ಹತ್ರ ಇದೆ, ನಾಳೆ ತರ್ತಾಳೆ” ಎನ್ನುತ್ತಾ ಮೊಮ್ಮಗಳು ಸ್ನಾನಕ್ಕೆ ಓಡಿದಳು. ನಾನು ಪ್ಯಾಂಟನ್ನು ಒಗೆದು, ಒಳಮಗ್ಗುಲು ಹೊರಗೆ ಮಾಡಿ ಹಗ್ಗಕ್ಕೆ ಹಾಕಿದೆ.